‘ಪ್ರೋನ್’ ಮತ್ತು ‘ಸಸೆಪ್ಟಿಬಲ್’: ಎರಡು ಆಂಗ್ಲ ವಿಶೇಷಣಗಳ ಅರ್ಥವಿಚಾರ

ಆಂಗ್ಲಗ್ರಂಥಗಳನ್ನು ಕನ್ನಡಿಸುವವರು ‘ಪ್ರೋನ್’, ‘ಸಸೆಪ್ಟಿಬಲ್’ ಎಂಬ ಎರಡು ವಿಶೇಷಣಗಳಿಗೂ ‘ಒಳಗಾಗುವ’ ಎಂಬ ಒಂದೇ ಮಾತನ್ನು ಬಳಸುವುದುಂಟು. ಆಂಗ್ಲರೇ ಆಡುಮಾತಿನಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಹೇಳುವುದರಿಂದ ಇದು ದೊಡ್ಡ ದೋಷವೆಂದು ತೋರಲಾರದು. ಆದರೆ ವೈದ್ಯವಿಷಯದಲ್ಲಿ ಈ ಭೇದವು ಲೋಪವಾದರೆ ಅರ್ಥವೇ ಕೆಡುತ್ತದೆ.

ಮೊದಲನೆಯದು ಮುಂದಕ್ಕೆ ಬಾಗಿದ, ಇಳಿಜಾರಾದ ಎಂಬರ್ಥದ ಲ್ಯಾಟಿನ್ ‘ಪ್ರೋನುಸ್’ ಶಬ್ದದಿಂದ ಬಂದಿತು. ಬೋರಲಾಗಿ ಮಲಗಿದವನನ್ನು ಪ್ರೋನ್ ಎನ್ನುವುದೂ ಇದರಿಂದಲೇ. ಸಂಸ್ಕೃತದ ‘ಪ್ರವಣ’ ಶಬ್ದಕ್ಕೂ ಇಳಿಜಾರಾದ, ಒಲವುಳ್ಳ ಎಂಬ ಎರಡರ್ಥಗಳಿರುವುದು ಗಮನಾರ್ಹ. ಎರಡನೆಯದರ ಮೂಲವಾದ ‘ಸುಸ್ಕಿಪೆರೆ’ ಎಂಬುದಕ್ಕೆ ಎತ್ತಿಕೊಳ್ಳು, ಸ್ವೀಕರಿಸು ಎಂದರ್ಥ. ಅಲ್ಲಿ ಸ್ವಂತ ವಾಲುವಿಕೆ. ಇಲ್ಲಿ ಹೊರಗಿನಿಂದ ಬಂದುದಕ್ಕೆ ಎಡೆಗೊಡುವಿಕೆ.

ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ತಾಚ್ಛೀಲ್ಯವನ್ನು, ಎಂದರೆ ಸ್ವಭಾವತಃ ಹಾಗೆ ಮಾಡುವಿಕೆಯನ್ನು, ಸೂಚಿಸುವ ಪ್ರತ್ಯಯಗಳನ್ನು ವಿಧಿಸಿರುವನು. ಭೀರು, ನಿದ್ರಾಲು, ದಯಾಲು ಎಂಬವು ಅದರಿಂದಾದ ರೂಪಗಳು. ಪ್ರೋನ್ ಎಂಬುದು ಈ ವರ್ಗದ್ದು. ಆದರೆ ದಯೆಯಂತಹ ಸದ್ಗುಣಕ್ಕೆ ಆಂಗ್ಲರು ಅದನ್ನು ಸಾಮಾನ್ಯವಾಗಿ ಹಚ್ಚುವುದಿಲ್ಲ. ಅಚ್ಚಗನ್ನಡದಲ್ಲಿ ಅಂಜುಬುರುಕ, ಅಳುಬುರುಕ ಎಂಬವುಗಳಲ್ಲಿರುವ ‘ಬುರುಕ’ವು ಇದಕ್ಕೆ ಎಷ್ಟೋ ಹತ್ತಿರ.

ಶೀಲವು ಮರಳಿ ಮರಳಿ ನಡೆದ ಕ್ರಿಯೆಯಿಂದ ತಿಳಿಯತಕ್ಕದ್ದು. ಸಸೆಪ್ಟಿಬಲ್ ಎಂಬುದು ಹೇಳುವ ಸ್ಥಿತಿಯಾದರೋ ಒಮ್ಮೆಯೂ ಪ್ರಕಟವಾಗದೆ ಇರಬಹುದು. ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಲ್ಲಿ 1781ರ ಅನಂತರ ದಡಾರವೆಂಬುದೇ ಇರಲಿಲ್ಲ. 1846ರಲ್ಲಿ ಅದು ಹೊರಗಿನಿಂದ ಬಂದಾಗ ಸುಮಾರು 7,800 ಜನರಲ್ಲಿ 6,000ಕ್ಕೂ ಹೆಚ್ಚು ಮಂದಿ ಮಲಗಿದರು. 1781ರಲ್ಲಿ ದಡಾರವಾಗಿದ್ದ ವೃದ್ಧರಿಗೆ ಅದು ಮತ್ತೆ ತಗಲಲಿಲ್ಲವೆಂದು ಡೆನ್ಮಾರ್ಕಿನ ವೈದ್ಯ ಪಾನುಮ್ ಕಂಡುಕೊಂಡನು. ಉಳಿದವರು ಅರುವತ್ತೈದು ವರ್ಷಕಾಲ ಆ ರೋಗಕ್ಕೆ ಸಸೆಪ್ಟಿಬಲ್ ಆಗಿಯೇ ಇದ್ದರು. ಅವರನ್ನು ಪ್ರೋನ್ ಎನ್ನಲು ಒಂದು ನಿದರ್ಶನವೂ ಇರಲಿಲ್ಲ.

ಹೀಗಿರುವಲ್ಲಿ, ಲಸಿಕೆಯ ತಿಳಿವಳಿಕೆಪತ್ರದಲ್ಲಿ ಈ ಪದಕ್ಕೆ ‘ರೋಗಶೀಲ’ವೆಂದು ಬರೆದರೆ, ಎಂದೂ ಕಾಯಿಲೆ ಬೀಳದ ಕೂಸಿನ ತಾಯಿ ಇದು ತನ್ನ ಮಗುವಿಗೆ ಹೇಳಿದ್ದಲ್ಲವೆಂದು ಸುಮ್ಮನಾಗುವಳು. ಮಾತು ಹೊರಟದ್ದೋ ಅಂತಹ ಕೂಸಿಗಾಗಿಯೇ. ‘ರೋಗಕ್ಕೆ ಈಡಾಗಬಲ್ಲ’ ಎಂದರೆ ಸಾಕು. ‘ತಗಲಿದರೆ ತಡೆಯಿಲ್ಲದ’ ಎಂದರೆ ಇನ್ನೂ ಸ್ಪಷ್ಟ.

ಆದರೆ ಪ್ರಮಾಣದಿಂದ ಸಾಧಿಸಬಹುದಾದ ಪ್ರತಿಜ್ಞೆಯನ್ನೂ ಆಂಗ್ಲರು ‘ಸಸೆಪ್ಟಿಬಲ್ ಆಫ್ ಪ್ರೂಫ್’ ಎನ್ನುವರು. ಅಲ್ಲಿ ಈಡಾಗುವ ಮಾತು ಸಲ್ಲದು. ‘ಸಾಧನೆಗೆ ಅವಕಾಶವುಳ್ಳ’ ಎಂದೇ ಹೇಳಬೇಕು.