ಹ್ಯಾಮೆಟ್ ಕೈಗೆ ಮರಳಿದ ಸೋಲೋ

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಒಳಜಗಳವನ್ನೇ ತೆರೆದು ತೋರಿಸುವ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಸಾಕ್ಷ್ಯಚಿತ್ರ 2004ರಲ್ಲಿ ಬಂತು. ಅದರಲ್ಲಿ ನನ್ನ ಕಣ್ಣು ಹೋಗುವುದು ಸದಾ ಕರ್ಕ್ ಹ್ಯಾಮೆಟ್ ಕಡೆಗೇ. ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಡ್ರಮ್ಮರ್ ಲಾರ್ಸ್ ಉಲ್ರಿಚ್ ಕಿತ್ತಾಡುತ್ತಿದ್ದರೆ ಈ ಗಿಟಾರ್ ವಾದಕ ಮೆತ್ತಗಿರುತ್ತಾರೆ. ಅವರ ಸಹನೆ ಅಲುಗಾಡುವುದು ಹೊಸ ಆಲ್ಬಂಗೆ, ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಸೋಲೋಗಳೇ ಬೇಡ ಎಂಬ ಮಾತು ಬಂದಾಗ. ಸೋಲೋ ಹಳೆಯದಾಯಿತೆಂದು ಬಿಟ್ಟರೆ, ಆಲ್ಬಂ ಈ ಹೊತ್ತಿನ ಫ್ಯಾಷನ್ನಿಗೆ ಅಂಟಿಕೊಂಡುಬಿಡುತ್ತದೆ ಎಂಬುದು ಅವರ ತಕರಾರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹ್ಯಾಮೆಟ್ ಸ್ಯಾನ್ ಫ್ರಾನ್ಸಿಸ್ಕೊದವರು, ಗಿಟಾರ್ ವಾದಕ ಜೋ ಸ್ಯಾಟ್ರಿಯಾನಿಯ ಬಳಿ ಕಲಿತವರು. 1983ರಲ್ಲಿ ಡೇವ್ ಮಸ್ಟೇನ್ ಹೊರಬಿದ್ದ ಜಾಗಕ್ಕೆ ಬಂದು, ‘ಮಾಸ್ಟರ್ ಆಫ್ ಪಪೆಟ್ಸ್’ನಂಥ ಆಲ್ಬಂಗಳಿಗೆ ತಮ್ಮ ಬೆರಳಿನ ಗುರುತು ಒತ್ತಿದವರು. ಅವರಿಗೆ ಸೋಲೋ ಇಲ್ಲವೆಂದರೆ ಮೃದಂಗದ ವಿದ್ವಾಂಸರನ್ನು ಕರೆಸಿ, ತನಿ ಬಿಡದೆ ಮಂಗಳ ಹಾಡಿ ಎದ್ದಂತೆ.

ಬ್ಯಾಂಡ್ ಒಳಜಗಳದ ಆ ಸ್ಥಿತಿಗೆ ಬಂದದ್ದು ಹೇಗೆ? 1981ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿ, 1991ರ ‘ಬ್ಲ್ಯಾಕ್ ಆಲ್ಬಂ’ನಿಂದ ಮನೆಮಾತಾದ ತಂಡದಿಂದ 2001ರ ಜನವರಿಯಲ್ಲಿ ಬಾಸ್ ವಾದಕ ಜೇಸನ್ ನ್ಯೂಸ್ಟೆಡ್ ಹೊರನಡೆದರು. ಅದೇ ವರ್ಷ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಸೇರಿದರು. ಮರಳಿ ಬಂದವರು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗಷ್ಟೇ ಕೆಲಸವೆಂದರು. ತಂಡದವರ ಮನಸ್ತಾಪ ಬಿಡಿಸಲು ನೇಮಿಸಿದ ಚಿಕಿತ್ಸಕರಿಗೆ ತಿಂಗಳಿಗೆ 40,000 ಡಾಲರ್! ಇಷ್ಟೆಲ್ಲದರ ನಡುವೆ 2003ರ ಜೂನ್‌ನಲ್ಲಿ ಬಂದದ್ದು ಸೋಲೋ ಇಲ್ಲದ ಆ ಆಲ್ಬಂ, ‘ಸೇಂಟ್ ಆ್ಯಂಗರ್’. ಮಾರಾಟಕ್ಕೇನೂ ಕೊರತೆಯಿರಲಿಲ್ಲ, ಗ್ರ್ಯಾಮಿಯೂ ಬಂತು. ಅಭಿಮಾನಿಗಳು ಮಾತ್ರ ಕ್ಷಮಿಸಲಿಲ್ಲ. ಸ್ನೇರ್ ಡ್ರಮ್ಮಿನ ತಳದಲ್ಲಿ ಚರ್ಮಕ್ಕೆ ತಾಗುವ ತಂತಿಗಳಿರುತ್ತವೆ, ಪೆಟ್ಟಿಗೆ ಗರಿಗರಿ ಬರುವುದು ಅವುಗಳಿಂದ. ಉಲ್ರಿಚ್ ಅವನ್ನು ಸಡಿಲಿಸಿಯೇ ಬಾರಿಸಿದ್ದರು. 75 ನಿಮಿಷವೂ ಟಣ್ ಟಣ್.

ಮುಂದಿನ ಆಲ್ಬಂಗೆ ಹಳೆಯ ನಿರ್ಮಾಪಕ ಬಾಬ್ ರಾಕ್ ಬದಲು ರಿಕ್ ರೂಬಿನ್ ಬಂದರು. ಎಂಬತ್ತರ ದಶಕದ ಮೆಟಾಲಿಕಾವನ್ನು ನೆನಪಿಸಿಕೊಳ್ಳಿ, ಹೆಸರಿಲ್ಲದ ಹೊಸ ಬ್ಯಾಂಡಿನಂತೆ ಹಸಿದು ನುಡಿಸಿ ಎಂಬ ಧಾಟಿಯ ಸಲಹೆ ಅವರದು. ಸ್ಟುಡಿಯೋಗೆ ಹ್ಯಾಮೆಟ್ ಒಂದು ಫೋಟೊ ತಂದಿಟ್ಟರು. ಅದು 2002ರಲ್ಲಿ ಮಾದಕವಸ್ತುವಿಗೆ ಬಲಿಯಾದ ‘ಆಲಿಸ್ ಇನ್ ಚೈನ್ಸ್’ನ ಗಾಯಕ ಲೇನ್ ಸ್ಟ್ಯಾಲಿಯದು. ಬಹುಕಾಲ ಅಲ್ಲೇ ಇದ್ದ ಆ ಮುಖ ಹೆಟ್‌ಫೀಲ್ಡ್‌ರನ್ನು ಕಾಡಿತು. ಸಾವು ಕೆಲವರನ್ನು ಸೆಳೆಯುತ್ತದೆ, ಕೆಲವರನ್ನು ದೂರ ತಳ್ಳುತ್ತದೆ ಎಂಬ ಯೋಚನೆಯಿಂದ ‘ಡೆತ್ ಮ್ಯಾಗ್ನೆಟಿಕ್’ ಎಂಬ ಹೆಸರಾಯಿತು.

2008ರ ಸೆಪ್ಟೆಂಬರ್ 12ರಂದು ಬಿಡುಗಡೆ. ಅಮೆರಿಕದಲ್ಲಿ ಮೂರೇ ದಿನಕ್ಕೆ ಸುಮಾರು 4.9 ಲಕ್ಷ ಪ್ರತಿಗಳು ಖರ್ಚಾದವು. ಸೋಲೋಗಳು ಮರಳಿದ್ದವು. ‘ದ ಡೇ ದಟ್ ನೆವರ್ ಕಮ್ಸ್’ ಕೇಳಿ ನೋಡಿ. ಮಂದವಾಗಿ ಶುರುವಾಗುವ ಹಾಡು ಉತ್ತರಾರ್ಧದಲ್ಲಿ ಮಾತೆಲ್ಲ ಮುಗಿಸಿ ಪೂರ್ತಿ ಗಿಟಾರಿಗೆ ಬಿಟ್ಟುಕೊಡುತ್ತದೆ. ಐದು ವರ್ಷ ಬಾಯಿ ಕಟ್ಟಿಸಿಕೊಂಡವರು ಒಮ್ಮೆಲೇ ಮಾತಾಡಿದ ಹಾಗೆ ಹ್ಯಾಮೆಟ್ ನುಡಿಸುತ್ತಾರೆ.

ದುಃಖವೆಂದರೆ, ಆ ಗಿಟಾರಿನ ಸುತ್ತ ಉಸಿರಾಡಲು ಜಾಗವಿಲ್ಲ. ಸದ್ದು ಹೆಚ್ಚಿಸುವ ಪೈಪೋಟಿಯಲ್ಲಿ ಮೆಲುದನಿಯನ್ನೂ ಎತ್ತರಿಸಿ ಒಂದೇ ಮಟ್ಟಕ್ಕೆ ಒತ್ತಿದ್ದರು. ಜೋರಿನ ಕಡೆ ಧ್ವನಿ ಒಡೆಯುತ್ತಿತ್ತು. ತಮ್ಮ ಕೈಗೆ ಬರುವಾಗಲೇ ಹಾಗಿತ್ತೆಂದು ಮಾಸ್ಟರಿಂಗ್ (ಧ್ವನಿಯ ಅಂತಿಮ ಹದ) ಮಾಡಿದ ಟೆಡ್ ಜೆನ್ಸನ್ ಕೈತೊಳೆದುಕೊಂಡರು. ‘ಗಿಟಾರ್ ಹೀರೋ’ ವಿಡಿಯೋ ಗೇಮಿಗೆ ಕೊಟ್ಟಿದ್ದ ಪ್ರತಿಗೆ ಈ ಒತ್ತಡವಿರಲಿಲ್ಲ, ಜನ ಅದನ್ನೇ ಹುಡುಕಿ ಕೇಳಿದರು. ಮರುಮಿಶ್ರಣ ಬೇಕೆಂಬ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಸಹಿ ಬಿದ್ದವು. ಅಷ್ಟು ಜನ ಮೆಲುದನಿಗಾಗಿ ಜಗಳಕ್ಕೆ ನಿಂತದ್ದು, ಅದೂ ಹೆವಿ ಮೆಟಲ್ ಕೇಳುಗರು!

2011ರ ಅಕ್ಟೋಬರ್ 30ರಂದು ಇದೇ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಎರಡು ದಿನ ಹಿಂದೆ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಛೇರಿ ರದ್ದಾಗಿತ್ತು, ಹಾಗಾಗಿ ಇಲ್ಲಿಯದೇ ಭಾರತದಲ್ಲಿ ಅವರ ಮೊದಲ ಕಛೇರಿಯಾಯಿತು. ಮರುದಿನ, ಅಕ್ಟೋಬರ್ 31ಕ್ಕೆ, ಗಾಯಕ ಲೂ ರೀಡ್ ಜೊತೆ ಅವರು ಮಾಡಿದ ‘ಲೂಲು’ ಆಲ್ಬಂ ಯುರೋಪಿನ ಅಂಗಡಿಗಳಿಗೆ ಬಂತು. ಅಭಿಮಾನಿಗಳು ಮತ್ತೆ ಮುನಿಸಿಕೊಂಡರು.