ಸಕ್ಕರೆ ಹೆಚ್ಚಿದರೆ ಅಪಧಮನಿಗೆ ಏನಾಗುತ್ತದೆ?

ಚಿಕ್ಕೋಡಿ ತಾಲ್ಲೂಕಿನ ಅಂಕಲಿ ಕೃಷ್ಣಾ ನದಿಯ ದಂಡೆಯ ಊರು. ಸುತ್ತಲೂ ಕಬ್ಬಿನ ಹೊಲಗಳು. ಒಂದು ಟನ್ ಕಬ್ಬು ನುರಿಸಿದರೆ ಸುಮಾರು ಒಂದು ಕ್ವಿಂಟಲ್ ಸಕ್ಕರೆ ಸಿಗುತ್ತದೆ. ನಿಮ್ಮ ಇಡೀ ರಕ್ತದಲ್ಲಿರುವ ಸಕ್ಕರೆ ಎಷ್ಟು? ಲೆಕ್ಕ ಹಾಕಿ ನೋಡಿ. ಊಟಕ್ಕೆ ಮೊದಲು ಆರೋಗ್ಯವಂತರ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 90 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಐದು ಲೀಟರಿಗೆ ಇದು ನಾಲ್ಕೂವರೆ ಗ್ರಾಂ. ಒಂದು ಟೀ ಚಮಚದಷ್ಟು! ರಾತ್ರಿ ಉಪವಾಸದ ನಂತರ ಈ 90ರ ಬದಲು 126 ಅಥವಾ ಅದಕ್ಕಿಂತ ಹೆಚ್ಚು ಮಿಲಿಗ್ರಾಂ ಇದ್ದು, ಮರುಪರೀಕ್ಷೆಯಲ್ಲೂ ಹಾಗೆಯೇ ಕಂಡರೆ ಅದು ಮಧುಮೇಹ. ಇನ್ಸುಲಿನ್ ಸಾಲದಿರುವುದು ಅಥವಾ ಅದು ಸರಿಯಾಗಿ ಕೆಲಸ ಮಾಡದಿರುವುದು ಇದಕ್ಕೆ ಕಾರಣ.

ಇಷ್ಟು ಚಿಕ್ಕ ವ್ಯತ್ಯಾಸದಿಂದ ಅಪಧಮನಿ ಹೇಗೆ ಕೆಡುತ್ತದೆ? ಅಪಧಮನಿಯ ಒಳಮೈಗೆ ಎಂಡೋಥೀಲಿಯಮ್ ಎಂಬ ಒಂದೇ ಪದರದ ಜೀವಕೋಶಗಳ ಹಾಸು ಇದೆ. ಇದು ತಯಾರಿಸುವ ನೈಟ್ರಿಕ್ ಆಕ್ಸೈಡ್ ಅನಿಲವು ನಾಳವನ್ನು ಹಿಗ್ಗಿಸುತ್ತದೆ. ರಕ್ತ ನಾಳದೊಳಗೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಈ ಅನಿಲದ ಪಾತ್ರವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂದಿತು.

ಎಂಡೋಥೀಲಿಯಮ್ ಕೋಶಗಳೊಳಗೆ ಗ್ಲೂಕೋಸ್ ಹೋಗಲು ಇನ್ಸುಲಿನ್ ಬೇಕಿಲ್ಲ. ಹೀಗಾಗಿ ರಕ್ತದಲ್ಲಿ ಸಕ್ಕರೆ ಏರಿದರೆ ಕೋಶದೊಳಗೂ ಏರುತ್ತದೆ. ಆಗ ಹಾನಿಕರ ಆಕ್ಸಿಡೀಕಾರಕಗಳು ಹುಟ್ಟಿ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಜೊತೆಗೆ ಗ್ಲೂಕೋಸ್ ನಾಳದ ಗೋಡೆಯ ಪ್ರೋಟೀನುಗಳಿಗೆ ಅಂಟಿಕೊಂಡು ಗೋಡೆ ಗಡುಸಾಗುತ್ತದೆ. (ಹಿಮೋಗ್ಲೋಬಿನ್‌ಗೆ ಹೀಗೆ ಅಂಟಿದ ಗ್ಲೂಕೋಸನ್ನು ಅಳೆದೇ ಎಚ್‌ಬಿಎ1ಸಿ ಪರೀಕ್ಷೆಯು ಎರಡು-ಮೂರು ತಿಂಗಳ ಸರಾಸರಿಯನ್ನು ತಿಳಿಸುತ್ತದೆ.) ಕೆಟ್ಟ ಹಾಸಿನ ಮೂಲಕ ಕೊಲೆಸ್ಟೆರಾಲ್ ಒಳಸೇರಿ ಗೋಡೆಯಲ್ಲಿ ಶೇಖರವಾಗುತ್ತದೆ, ನಾಳ ಕಿರಿದಾಗುತ್ತದೆ.

ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವ ಕ್ರಿಯೆ. ಹೃದಯದ ನಾಳ ಮುಚ್ಚಿದರೆ ಹೃದಯಾಘಾತ, ಮಿದುಳಿನದಾದರೆ ಲಕ್ವ. ಕಾಲಿನ ನಾಳ ಕಿರಿದಾದರೆ ನಡೆಯುವಾಗ ಮೀನಖಂಡ ನೋಯುತ್ತದೆ, ನಿಂತರೆ ನೋವು ಇಳಿಯುತ್ತದೆ. ಆದರೆ ಮಧುಮೇಹದಿಂದ ನರಗಳೂ ಸೊರಗಿದ್ದರೆ ಈ ಸೂಚನೆಯೂ ಸಿಗದಿರಬಹುದು. ಬರಿಗಾಲಲ್ಲಿ ಹೊಲಕ್ಕೆ ಹೋದವರಿಗೆ ಕಬ್ಬಿನ ಕೂಳೆ ಚುಚ್ಚಿದ್ದೇ ಅರಿವಾಗದು. ರಕ್ತ ಸಾಕಷ್ಟು ಹರಿಯದ ಪಾದದಲ್ಲಿ ಗಾಯ ಮಾಯದು. ಕೊಳೆತರೆ ಕಾಲನ್ನೇ ಕತ್ತರಿಸಬೇಕಾದೀತು.

ಸಕ್ಕರೆಯೊಂದನ್ನು ಹತೋಟಿಯಲ್ಲಿಟ್ಟರೆ ಸಾಕೇ? ಸಾಲದು. ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ರಕ್ತದೊತ್ತಡವನ್ನು ಬಿಗಿಯಾಗಿ ನಿಯಂತ್ರಿಸಿದ ಮಧುಮೇಹಿಗಳಲ್ಲಿ ಲಕ್ವ ಶೇಕಡಾ 44ರಷ್ಟು ಕಡಿಮೆಯಾಗಿತ್ತು. ಕೊಲೆಸ್ಟೆರಾಲ್ ಕೂಡ ಮಿತಿಯಲ್ಲಿರಬೇಕು. ತಂಬಾಕಿಗೆ ಹೆಸರಾದ ನಿಪ್ಪಾಣಿ ಇಲ್ಲಿಂದ ದೂರವೇನಲ್ಲ. ಬೀಡಿಯ ಹೊಗೆಯೂ ಇದೇ ಒಳಹಾಸನ್ನು ಕೆಡಿಸುತ್ತದೆ.

ಶಿಕ್ಷಕರೇ, ಒಳಗಣಕಾಲಿನ ಮೂಳೆಯ ಹಿಂದೆ ಮತ್ತು ಪಾದದ ಮೇಲ್ಭಾಗದಲ್ಲಿ ನಾಡಿ ಹುಡುಕಲು ವಿದ್ಯಾರ್ಥಿಗಳಿಗೆ ಕಲಿಸಿ. ಕೆಲವು ಆರೋಗ್ಯವಂತರಲ್ಲೂ ಪಾದದ ಮೇಲಿನ ನಾಡಿ ಸಿಗದಿರಬಹುದು ಎಂದೂ ತಿಳಿಸಿ. ಮನೆಯಲ್ಲಿ ಮಧುಮೇಹಿ ಹಿರಿಯರಿದ್ದರೆ ದಿನಕ್ಕೊಮ್ಮೆ ಅವರ ಅಂಗಾಲನ್ನು ಬೆಳಕಿನಲ್ಲಿ ನೋಡಲಿ. ನೋವಿಲ್ಲದ ಗಾಯ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.