ದನಿ ಕೇಳದ ವಾದ ಜಗಳವಾಗುವುದೇಕೆ?

ಮದುವೆ ಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ರಾಜಕೀಯದ ಬಗ್ಗೆ ಜೋರಾಗಿ ವಾದ ಮಾಡಿದವರು ಕೈ ತೊಳೆಯುವ ಹೊತ್ತಿಗೆ ನಗುನಗುತ್ತಾ ಮಾತಾಡುತ್ತಿರುತ್ತಾರೆ. ಅದೇ ಇಬ್ಬರು ಅದೇ ವಿಷಯವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎತ್ತಿಕೊಂಡರೆ ನಾಲ್ಕು ಸಂದೇಶಗಳಲ್ಲಿ ಮನಸ್ಸು ಮುರಿಯುತ್ತದೆ, ಒಬ್ಬರು ಗುಂಪು ಬಿಟ್ಟೇ ಹೋಗುತ್ತಾರೆ. ಜನ ಕೆಟ್ಟುಹೋಗಿದ್ದಾರೆ ಎಂದುಬಿಡುವುದು ಸುಲಭ. ಮನೋವಿಜ್ಞಾನದ ಪ್ರಯೋಗಗಳು ಮಾತ್ರ ಬೇರೆಯದೇ ಕಾರಣಗಳನ್ನು ಹೇಳುತ್ತವೆ. ಮೊದಲನೆಯದು ದನಿ.

ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಅವರು ವಿದ್ಯಾರ್ಥಿಗಳಿಗೆ ಕೆಲವು ವಾಕ್ಯಗಳನ್ನು ಕೊಟ್ಟರು. ಕೆಲವು ಗಂಭೀರ, ಕೆಲವು ವ್ಯಂಗ್ಯ. ಒಮ್ಮೆ ದನಿಯಲ್ಲಿ, ಒಮ್ಮೆ ಇ-ಮೇಲ್‌ನಲ್ಲಿ ಅವನ್ನು ತಲುಪಿಸಬೇಕಿತ್ತು. ಎರಡರಲ್ಲೂ ಶೇ. 78ರಷ್ಟು ಸಲ ತಮ್ಮ ಭಾವ ಸರಿಯಾಗಿ ತಿಳಿಯುತ್ತದೆ ಎಂದು ಕಳಿಸಿದವರು ನಂಬಿದ್ದರು. ದನಿ ಕೇಳಿದವರು ಹೆಚ್ಚುಕಡಿಮೆ ಅಷ್ಟೇ ಸರಿಯಾಗಿ ಹೇಳಿದರು. ಓದಿದವರು ಸರಿ ಹೇಳಿದ್ದು ಶೇ. 56ರಷ್ಟು ಮಾತ್ರ, ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ 50 ಸಿಗುತ್ತಿತ್ತು. ಬರೆಯುವಾಗ ನಮ್ಮ ದನಿ ನಮ್ಮ ತಲೆಯೊಳಗೆ ಕೇಳುತ್ತಿರುತ್ತದೆ, ಓದುವವರಿಗೂ ಅದು ಕೇಳುತ್ತದೆ ಎಂದು ನಾವು ಭಾವಿಸುತ್ತೇವೆ. ತಮಾಷೆಗೆಂದು ಬರೆದದ್ದು ಅವಮಾನವಾಗಿ ತಲುಪುವುದು ಹೀಗೆ.

ಎರಡನೆಯ ಕಾರಣ ಕಣ್ಣು. ಹೆಸರು ಮರೆಸಿಕೊಂಡವರೇ ಬೈಯುತ್ತಾರೆ ಎಂಬ ನಂಬಿಕೆ ಬಲವಾಗಿದೆ. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ನೋಮ್ ಲಪಿಡಾಟ್-ಲೆಫ್ಲರ್ ಮತ್ತು ಅಜಿ ಬರಾಕ್ 2012ರಲ್ಲಿ ಅದನ್ನು ಪರೀಕ್ಷೆಗೆ ಒಡ್ಡಿದರು. ಜೀವ ಉಳಿಸುವ ಔಷಧಿ ಯಾರಿಗೆ ಸಲ್ಲಬೇಕು ಎಂದು 71 ಜೋಡಿಗಳು ಕಂಪ್ಯೂಟರ್‌ನಲ್ಲಿ ಬರೆದು ವಾದಿಸಿದವು. ಕಟುಮಾತಿಗೆ ಮುಖ್ಯ ಕಾರಣ ಅನಾಮಧೇಯತೆ ಆಗಿರಲಿಲ್ಲ, ಕಣ್ಣಿಗೆ ಕಣ್ಣು ಸೇರದಿದ್ದುದು. ನಮ್ಮ ಕುಟುಂಬದ ಗುಂಪುಗಳಲ್ಲಿ ಎಲ್ಲರ ಹೆಸರೂ ಗೊತ್ತಿದ್ದೂ ಮಾತು ಒರಟಾಗುವುದು ನನಗೆ ಇದರಿಂದಲೇ ಅರ್ಥವಾಯಿತು.

ಆದರೂ ಎಲ್ಲ ಹೊಣೆಯನ್ನೂ ಪರದೆಯ ಮೇಲೆ ಹೊರಿಸುವಂತಿಲ್ಲ. ಆನ್‌ಲೈನ್‌ನಲ್ಲಿ ಹಗೆ ಕಾರುವವರು ಹೊರಗೂ ಹಾಗೆಯೇ ಇರುತ್ತಾರೆ, ಇಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಾರೆ ಅಷ್ಟೆ ಎಂದು ಡೆನ್ಮಾರ್ಕಿನ ಸಂಶೋಧಕರು ತೋರಿಸಿದ್ದಾರೆ. ನೂರಾರು ಜನರ ಗುಂಪಿನಲ್ಲಿ ಅಂಥ ಇಬ್ಬರು ಸಾಕು, ಉಳಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಬರಹದಲ್ಲಿ ಮನವೊಲಿಕೆ ಅಸಾಧ್ಯವೇನಲ್ಲ. ಅಭಿಪ್ರಾಯ ಬದಲಿಸಿಕೊಳ್ಳಲು ತಯಾರಿರುವವರು ಸೇರುವ ರೆಡಿಟ್‌ನ ಒಂದು ವೇದಿಕೆಯನ್ನು ಕಾರ್ನೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಅಭ್ಯಸಿಸಿದರು. ಆದರೆ ಅಲ್ಲಿಯೂ ಒಬ್ಬರೇ ಐದು ಸುತ್ತು ವಾದಿಸಿದ ಮೇಲೂ ಎದುರಿನವರು ಒಪ್ಪದಿದ್ದರೆ ಮತ್ತೆ ಒಪ್ಪುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಅಷ್ಟಕ್ಕೇ ನಿಲ್ಲಿಸುವುದು ಸೋಲಲ್ಲ.

ಇನ್ನೊಂದು ದಾರಿಯೂ ಇದೆ. ನಾವು ಒಪ್ಪದ ಅಭಿಪ್ರಾಯವನ್ನು ಓದಿದಾಗ ಅನ್ನಿಸುವುದಕ್ಕಿಂತ ದನಿಯಲ್ಲಿ ಕೇಳಿದಾಗ, ಹೇಳಿದವರು ಹೆಚ್ಚು ವಿವೇಕಿಗಳಾಗಿ ಕಾಣುತ್ತಾರೆ ಎಂದು ಎಪ್ಲಿ ಮತ್ತು ಸಹೋದ್ಯೋಗಿಗಳು 2017ರಲ್ಲಿ ಕಂಡುಕೊಂಡರು. ಗುಂಪಿನಲ್ಲಿ ಯಾರದಾದರೂ ಮಾತು ಚುಚ್ಚಿದರೆ ಉತ್ತರ ಟೈಪ್ ಮಾಡುವ ಮೊದಲು ದಯವಿಟ್ಟು ಅವರಿಗೊಂದು ಫೋನ್ ಮಾಡಿ.